ಪೆಡಲ್ ಇಲ್ಲ, ಕ್ಲಚ್ ಎರಡಿವೆ

ಡೀಸೆಲ್ ಇರಬೇಕು, ಆಟೋಮ್ಯಾಟಿಕ್ ಆಗಿರಬೇಕು, ಹಿಂದೆ ಡಿಕ್ಕಿ ಚಾಚಿಕೊಂಡಿರಬಾರದು. ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರಲ್ಲಿ ಈ ಮೂರನ್ನೂ ಒಟ್ಟಿಗೆ ಕೇಳುವವರು ಇದ್ದಾರೆ. ಅವರಿಗೆ ಆಯ್ಕೆ ಯಾವತ್ತೂ ಕಡಿಮೆಯೇ. 2018ರ ಮಾರುತಿ ಸ್ವಿಫ್ಟ್ ಡೀಸೆಲ್‌ನಲ್ಲಿ ಎಎಂಟಿ ಇತ್ತು. ಬಿಎಂಡಬ್ಲ್ಯು 118ಡಿ, ವೋಲ್ವೊ ವಿ40ಗಳಲ್ಲಿ ಹಳೆಯ ನಂಬಿಕಸ್ತ ಟಾರ್ಕ್ ಕನ್ವರ್ಟರ್ ಇತ್ತು. ಫೋಕ್ಸ್‌ವ್ಯಾಗನ್ ಪೋಲೊ ಕೊಳ್ಳಲು ಹೋದವರ ಪಾಡು ಇನ್ನೂ ವಿಚಿತ್ರ: ಡೀಸೆಲ್ ಬೇಕೆಂದರೆ ಕ್ಲಚ್ ತುಳಿಯಬೇಕು, ಡಿಎಸ್‌ಜಿ ಎಂಬ ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಬೇಕೆಂದರೆ ಪೆಟ್ರೋಲ್ ಹಾಕಿಸಬೇಕು. ಯುರೋಪಿನಲ್ಲಿ ಬೀದಿಗೊಂದು ಕಾಣುವ ಗಾಲ್ಫ್ ಟಿಡಿಐ ಡಿಎಸ್‌ಜಿ ನಮ್ಮ ಶೋರೂಮುಗಳಿಗೆ ಬರಲಿಲ್ಲ. ಆ ಜೋಡಿ ನಮಗೆ ಸಿಕ್ಕಿದ್ದು ವೆಂಟೊ, ಅಮಿಯೊ, ಜೆಟ್ಟಾ ಎಂಬ ಡಿಕ್ಕಿ ಇರುವ ಗಾಡಿಗಳಲ್ಲಿ.

ಡೀಸೆಲ್, ಡ್ಯುಯಲ್ ಕ್ಲಚ್, ಚಾಚದ ಡಿಕ್ಕಿ ಮೂರೂ ಕೂಡಿಬಂದದ್ದು 2013ರ ಮೇ ತಿಂಗಳಲ್ಲಿ ಇಲ್ಲಿ ಬಿಡುಗಡೆಯಾದ ಮರ್ಸಿಡಿಸ್ ಎ ಕ್ಲಾಸಿನ ಎ 180 ಸಿಡಿಐಯಲ್ಲಿ. 2143 ಸಿಸಿ ಎಂಜಿನ್, 109 ಅಶ್ವಶಕ್ತಿ, 250 ಎನ್‌ಎಂ ಟಾರ್ಕ್, ಏಳು ಗೇರಿನ ಡ್ಯುಯಲ್ ಕ್ಲಚ್. ಆಗ ಸುಮಾರು 22 ಲಕ್ಷ ಕೊಟ್ಟು ಕೊಂಡವರ ಗಾಡಿಗಳು ಈಗ ಅದರ ಮೂರನೇ ಒಂದು ಪಾಲಿಗೂ ಸಿಗುತ್ತವೆ. ಅಂಥ ಒಂದು ಗಾಡಿಯನ್ನು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲೂ ಹಾಸನದ ಹೆದ್ದಾರಿಯಲ್ಲೂ ಚಾರ್ಮಾಡಿಯ ತಿರುವುಗಳಲ್ಲೂ ಓಡಿಸಿದ್ದೇನೆ. ಓಡಿಸುವ ಮುಂಚೆ ಕಿವಿಗೆ ಬಿದ್ದ ಬುದ್ಧಿಮಾತುಗಳಲ್ಲಿ ಅರ್ಧಕ್ಕರ್ಧ ತಪ್ಪು. ಒಂದೊಂದಾಗಿ ನೋಡೋಣ.

"ಆಟೋಮ್ಯಾಟಿಕ್ ಎಂದರೆ ಎಲ್ಲ ಒಂದೇ, ಎಡಗಾಲಿಗೆ ರಜೆ"

ಎಡಗಾಲಿಗೆ ರಜೆ ಸಿಗುವುದು ನಿಜ. ಉಳಿದದ್ದೆಲ್ಲ ಬೇರೆ ಬೇರೆ.

ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಆಯಿಲ್ ಇರುತ್ತದೆ. ಎಂಜಿನ್ ಕಡೆಯ ಚಕ್ರ ಆಯಿಲನ್ನು ನೂಕುತ್ತದೆ, ಆಯಿಲ್ ಆಚೆ ಬದಿಯ ಚಕ್ರವನ್ನು ತಿರುಗಿಸುತ್ತದೆ. ಎಷ್ಟು ಹೊತ್ತು ನಿಧಾನವಾಗಿ ತೆವಳಿದರೂ ಅಲ್ಲಿ ಸವೆಯುವ ಪ್ಲೇಟ್ ಇಲ್ಲ. ಎಎಂಟಿ ಎಂಬುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ತುಳಿದು ಗೇರ್ ಬದಲಿಸುವ ಕೆಲಸವನ್ನು ಡ್ರೈವರ್ ಬದಲು ಒಂದು ಯಂತ್ರ ಮಾಡುತ್ತದೆ. 2014ರಲ್ಲಿ ಸೆಲೆರಿಯೊ ಮೂಲಕ ನಮ್ಮ ಮಧ್ಯಮ ವರ್ಗದ ಮನೆಗೆ ಬಂದದ್ದು ಇದು. ಕ್ಲಚ್ ಬಿಟ್ಟು ಮತ್ತೆ ಹಿಡಿಯುವ ನಡುವೆ ಎಳೆತ ನಿಲ್ಲುವುದರಿಂದ ಪ್ರತಿ ಗೇರಿಗೂ ಕೂತವರ ತಲೆ ಒಮ್ಮೆ ಮುಂದಕ್ಕೆ ತೂಗುತ್ತದೆ.

ಡ್ಯುಯಲ್ ಕ್ಲಚ್ ಈ ತೂಗಾಟಕ್ಕೆ ಸಿಕ್ಕ ಉತ್ತರ. ಒಂದು ಪೆಟ್ಟಿಗೆಯೊಳಗೆ ಎರಡು ಅರ್ಧ ಗೇರ್‌ಬಾಕ್ಸ್. ಟೊಳ್ಳು ಶಾಫ್ಟಿನೊಳಗೆ ಇನ್ನೊಂದು ಶಾಫ್ಟು. ಒಂದಕ್ಕೆ 1, 3, 5, 7ನೇ ಗೇರುಗಳು, ಇನ್ನೊಂದಕ್ಕೆ 2, 4, 6. ಒಂದೊಂದಕ್ಕೂ ಅದರದೇ ಕ್ಲಚ್. ಮೂರನೇ ಗೇರಿನಲ್ಲಿ ಗಾಡಿ ಓಡುತ್ತಿರುವಾಗಲೇ ನಾಲ್ಕನೆಯದು ಕಚ್ಚಿಕೊಂಡು ಕಾದಿರುತ್ತದೆ. ಒಂದು ಕ್ಲಚ್ ಬಿಡುತ್ತಾ ಬಂದಂತೆ ಇನ್ನೊಂದು ಹಿಡಿಯುತ್ತದೆ. ನಾದಸ್ವರದ ಜೋಡಿಯಲ್ಲಿ ಒಬ್ಬರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಇನ್ನೊಬ್ಬರು ಅದೇ ಸ್ವರವನ್ನು ಹಿಡಿದಿರುತ್ತಾರಲ್ಲ, ಹಾಗೆ ಎಳೆತ ಕಡಿಯುವುದೇ ಇಲ್ಲ.

ಉಪಾಯ ಹಳೆಯದು. ಫ್ರಾನ್ಸಿನ ಅಡಾಲ್ಫ್ ಕೆಗ್ರೆಸ್ 1939ರಲ್ಲೇ ಇದನ್ನು ಯೋಚಿಸಿದ್ದ. ಅದನ್ನು ಹತೋಟಿಯಲ್ಲಿಡುವ ಎಲೆಕ್ಟ್ರಾನಿಕ್ಸ್ ಅವನ ಕಾಲದಲ್ಲಿ ಇರಲಿಲ್ಲ. ಎಂಬತ್ತರ ದಶಕದಲ್ಲಿ ಪೋರ್ಷೆ ತನ್ನ 962 ರೇಸ್ ಕಾರಿಗೆ ಕೂರಿಸಿ 1986ರಲ್ಲಿ ಮೊಂಜಾ ರೇಸ್ ಗೆದ್ದಿತು. ಸಾಮಾನ್ಯ ಗಿರಾಕಿಯ ಕೈಗೆ ಬಂದದ್ದು 2003ರಲ್ಲಿ, ಗಾಲ್ಫ್ ಆರ್32ರ ಡಿಎಸ್‌ಜಿಯಾಗಿ.

ಇಷ್ಟು ವಿವರ ಕೊಟ್ಟದ್ದು ಒಂದೇ ಕಾರಣಕ್ಕೆ. ಇದು ಕ್ಲಚ್ ಇಲ್ಲದ ಗಾಡಿಯಲ್ಲ. ಕ್ಲಚ್ ಇದೆ, ಒಂದಲ್ಲ ಎರಡು. ನಿಮ್ಮ ಕಾಲಿಗೆ ಸಿಗುವುದಿಲ್ಲ ಅಷ್ಟೇ. ಈ ಗಾಡಿಯ ಬಗೆಗಿನ ಹೊಗಳಿಕೆ, ಬೈಗುಳ ಎರಡರಲ್ಲೂ ಹೆಚ್ಚಿನವು ಈ ಒಂದು ಮಾತು ಮರೆತುದರಿಂದ ಹುಟ್ಟಿದವು.

"ಡೀಸೆಲ್ ಎಂಜಿನ್ ಜಡ, ಇಂಥ ಚುರುಕು ಗೇರ್‌ಬಾಕ್ಸ್ ಪೆಟ್ರೋಲಿಗೇ ಸರಿ"

ನಮ್ಮಲ್ಲಿ ಡೀಸೆಲ್ ಎಂದರೆ ಲಾರಿ, ಟೆಂಪೋ, ಹೊಗೆ ಕಕ್ಕುವ ಡೀಸೆಲ್ ಅಂಬಾಸಿಡರ್. ಆಡುಗೋಡಿಯ ಮೈಕೋ ಕಾರ್ಖಾನೆಯ ಪಂಪು, ನಾಝಲ್ಲುಗಳ ಕಾಲದ ನೆನಪು ಅದು. ಕಾಮನ್ ರೇಲ್, ಟರ್ಬೊ ಬಂದ ಮೇಲೆ ಲೆಕ್ಕ ಬೇರೆಯಾಯಿತು. ನಿಜ ಹೇಳಬೇಕೆಂದರೆ ಡ್ಯುಯಲ್ ಕ್ಲಚ್ಚಿನ ಅಗತ್ಯ ಪೆಟ್ರೋಲಿಗಿಂತ ಡೀಸೆಲ್ಲಿಗೇ ಹೆಚ್ಚು.

ಎ 180 ಸಿಡಿಐಯ 250 ಎನ್‌ಎಂ ಪೂರ್ತಿ ಸಿಗುವುದು 1400ರಿಂದ 2800 ಆರ್‌ಪಿಎಂ ನಡುವೆ. ಅದಕ್ಕಿಂತ ಕೆಳಗೆ ಗಾಡಿ ಮುಲುಗುತ್ತದೆ, ತೀರಾ ಮೇಲೆ ಸದ್ದು ಮಾತ್ರ. ಪೆಟ್ರೋಲ್ ಎಂಜಿನ್ ಆರು ಸಾವಿರ ದಾಟಿಯೂ ಹಾಡುತ್ತಿರುತ್ತದೆ. ಡೀಸೆಲ್ ನಾಲ್ಕೂವರೆ ಸಾವಿರಕ್ಕೆ ಮುಗಿಯುತ್ತದೆ. ಅಂಗಳ ಚಿಕ್ಕದು, ಅದರೊಳಗೇ ಎಂಜಿನ್ನನ್ನು ಇಟ್ಟುಕೊಳ್ಳಬೇಕು ಎಂದರೆ ಗೇರುಗಳು ಹತ್ತಿರ ಹತ್ತಿರ ಇರಬೇಕು, ಬೇಗ ಬೇಗ ಬದಲಾಗಬೇಕು. ಏಳು ಗೇರು ಮಾಡುವುದು ಅದನ್ನೇ.

ಇನ್ನೊಂದು ಸೂಕ್ಷ್ಮವಿದೆ. ಮ್ಯಾನುಯಲ್ ಡೀಸೆಲ್‌ನಲ್ಲಿ ಗೇರ್ ಬದಲಿಸಲು ಆಕ್ಸಲರೇಟರ್ ಬಿಟ್ಟ ಕೂಡಲೇ ಟರ್ಬೊದ ಒತ್ತಡ ಇಳಿಯುತ್ತದೆ. ಮುಂದಿನ ಗೇರ್ ಹಾಕಿ ಒತ್ತಿದಾಗ ಅದು ಮತ್ತೆ ಏರಬೇಕು. ಸಕಲೇಶಪುರದ ಏರಿನಲ್ಲಿ ಲಾರಿ ದಾಟಲು ಹೋಗಿ ಎರಡರಿಂದ ಮೂರಕ್ಕೆ ಬಂದ ಗಳಿಗೆಯಲ್ಲಿ ಗಾಡಿ ಸತ್ತಂತಾಗುವುದು ಇದರಿಂದಲೇ. ಡ್ಯುಯಲ್ ಕ್ಲಚ್‌ನಲ್ಲಿ ಕಾಲು ಎತ್ತುವ ಪ್ರಶ್ನೆಯೇ ಇಲ್ಲ. ಟರ್ಬೊ ತಿರುಗುತ್ತಲೇ ಇರುತ್ತದೆ. ಟ್ಯಾಕೋಮೀಟರ್ ಮುಳ್ಳು ಸುಮಾರು ಮೂರು ಸಾವಿರದಿಂದ ಎರಡೂ ಚಿಲ್ಲರೆ ಸಾವಿರಕ್ಕೆ ಇಳಿದದ್ದು ಕಣ್ಣಿಗೆ ಕಾಣುತ್ತದೆ, ಬೆನ್ನಿಗೆ ಗೊತ್ತಾಗುವುದಿಲ್ಲ. ಅಂಕಿಯಲ್ಲಿ 109 ಅಶ್ವಶಕ್ತಿ ಏನೂ ಅಲ್ಲ. ಹಾಸನದ ಆಚೆಗಿನ ಖಾಲಿ ರಸ್ತೆಯಲ್ಲಿ ಅದು ಹೆಚ್ಚೆಂದೇ ಅನ್ನಿಸುತ್ತದೆ.

ಎಸ್ (ಸ್ಪೋರ್ಟ್) ಮೋಡ್ ಬಗ್ಗೆ ಒಂದು ಮಾತು. ಸೆಂಟರ್ ಕನ್ಸೋಲಿನ ಗುಂಡಿ ಒತ್ತಿ ಇ (ಎಕಾನಮಿ) ಇಂದ ಎಸ್‌ಗೆ ಹೋದರೆ ಗೇರುಗಳನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಪೆಟ್ರೋಲಿನಲ್ಲಿ ಅದಕ್ಕೊಂದು ಮಜಾ ಇದೆ. ಡೀಸೆಲ್‌ನಲ್ಲಿ ನಾಲ್ಕು ಸಾವಿರದ ಹತ್ತಿರ ಎಳೆದರೆ ಬರುವುದು ಗದ್ದಲವೇ ಹೊರತು ವೇಗವಲ್ಲ. ಘಾಟಿಗೆ ಇರಲಿ, ಹೆದ್ದಾರಿಗೆ ಇ ಸಾಕು.

"ಒತ್ತಿದ ಕ್ಷಣವೇ ಹಾರುತ್ತದೆ"

ಓಡುತ್ತಿರುವಾಗ ಹೌದು. ನಿಂತಲ್ಲಿಂದ ಇಲ್ಲ.

ನಿಂತ ಗಾಡಿ ಹೊರಡುವಾಗ ಎರಡು ತಡಗಳು ಒಂದರ ಮೇಲೊಂದು ಬೀಳುತ್ತವೆ. ಟರ್ಬೊ ಇನ್ನೂ ಎದ್ದಿರುವುದಿಲ್ಲ, ಕ್ಲಚ್ಚೂ ಪೂರ್ತಿ ಹಿಡಿದಿರುವುದಿಲ್ಲ. ಮ್ಯಾನುಯಲ್ ಓಡಿಸುವವರು ಈ ಹೊತ್ತನ್ನು ಸ್ವಲ್ಪ ರೇಸ್ ಕೊಟ್ಟು ಹಾಫ್ ಕ್ಲಚ್‌ನಲ್ಲಿ ದಾಟಿಸುತ್ತಾರೆ. ಇಲ್ಲಿ ಆ ನಿರ್ಧಾರ ಕಂಪ್ಯೂಟರಿನದು, ಅದು ಕ್ಲಚ್ ಉಳಿಸುವ ಕಡೆಗೇ ವಾಲುತ್ತದೆ. ಸರ್ವೀಸ್ ರೋಡಿನಿಂದ ಮುಖ್ಯ ರಸ್ತೆಗೆ ನುಗ್ಗಲು ಒಂದು ಸಂದು ಸಿಕ್ಕಿತೆಂದು ಪೆಡಲ್ ಒತ್ತುತ್ತೀರಿ. ಗಾಡಿ ಒಂದು ಗಳಿಗೆ ಯೋಚಿಸುತ್ತದೆ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಯೋಚಿಸಿದ ಆ ಗಳಿಗೆಯಲ್ಲಿ ಬಿಎಂಟಿಸಿ ಬಸ್ಸು ಹತ್ತಿರ ಬಂದಿರುತ್ತದೆ. ಈ ಗಾಡಿಯ ನಿಜವಾದ ಊನ ಎಂದು ನಾನು ಹೇಳುವುದು ಇದನ್ನೇ. ಬ್ರೇಕಿನಿಂದ ಕಾಲು ತೆಗೆದು ಗಾಡಿ ತಾನಾಗಿ ಒಂದಡಿ ಜರುಗಿದ ಮೇಲೆ ಒತ್ತಿದರೆ ತಡ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಓಡುತ್ತಿರುವಾಗಲೂ ಒಂದು ಸಂದರ್ಭದಲ್ಲಿ ತಡವಿದೆ. ಮುಂದಿನ ಗೇರನ್ನು ಸಿದ್ಧ ಮಾಡಿಡುವುದು ಒಂದು ಊಹೆ. ಆರನೇ ಗೇರಿನಲ್ಲಿ ಹಗುರ ಕಾಲಿನಲ್ಲಿ ಹೋಗುತ್ತಿದ್ದರೆ ಗೇರ್‌ಬಾಕ್ಸ್ ಏಳನೆಯದನ್ನು ಸಿದ್ಧ ಮಾಡಿಕೊಂಡಿರುತ್ತದೆ. ಆಗಲೇ ನೀವು ಓವರ್‌ಟೇಕ್ ಮಾಡಲು ಪೂರ್ತಿ ಒತ್ತಿದರೆ ಅದಕ್ಕೆ ಬೇಕಾದದ್ದು ನಾಲ್ಕು. ಆರು, ನಾಲ್ಕು ಎರಡೂ ಒಂದೇ ಶಾಫ್ಟಿನವು, ನೇರ ಹಸ್ತಾಂತರ ಸಾಧ್ಯವಿಲ್ಲ. ಏಳನ್ನು ಕೈಬಿಟ್ಟು, ಐದನ್ನು ನಡುವೆ ತಂದು, ನಾಲ್ಕಕ್ಕೆ ಇಳಿಯಬೇಕು. ಇದನ್ನೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಡಿದರೂ ಎದುರು ಗಾಡಿ ಬರುತ್ತಿರುವಾಗ ಆ ಕಣ್ಮಿಟುಕು ದೊಡ್ಡದೇ. ಲಾರಿಯ ಹಿಂದೆ ಇರುವಾಗಲೇ ಸ್ಟೀರಿಂಗ್ ಎಡಬದಿಯ ಪ್ಯಾಡಲನ್ನು ಒಂದೆರಡು ಸಲ ಎಳೆದು ಗೇರ್ ಇಳಿಸಿಟ್ಟುಕೊಂಡರೆ, ರಸ್ತೆ ತೆರವಾದಾಗ ಗಾಡಿ ಕಾದಿದ್ದಂತೆ ಹೋಗುತ್ತದೆ. ಪ್ಯಾಡಲ್ ಶೋಕಿಗೆಂದು ನಗುವವರು ಎರಡು ಲೇನಿನ ರಸ್ತೆಯಲ್ಲಿ ಒಮ್ಮೆ ಇದನ್ನು ಮಾಡಿ ನೋಡಲಿ.

"ಬೆಂಗಳೂರು ಟ್ರಾಫಿಕ್ಕಿಗೆಂದೇ ಹೇಳಿ ಮಾಡಿಸಿದ ಗೇರ್‌ಬಾಕ್ಸ್"

ಇದರಷ್ಟು ದುಬಾರಿಯಾದ ತಪ್ಪು ಕಲ್ಪನೆ ಇನ್ನೊಂದಿಲ್ಲ. ನಿಮಗೆ ಆರಾಮ, ಸರಿ. ಗೇರ್‌ಬಾಕ್ಸಿಗೆ ಅಲ್ಲ.

ಸಿಲ್ಕ್ ಬೋರ್ಡ್ ಕಡೆಗೆ ಸಂಜೆ ಆರರ ಮೇಲೆ ಗಾಡಿಗಳು ಹೋಗುವ ವೇಗ ಮೊದಲನೇ ಗೇರಿನ ಐಡ್ಲಿಂಗ್ ವೇಗಕ್ಕಿಂತ ಕಡಿಮೆ. ಎಂಜಿನ್ ಅಷ್ಟು ನಿಧಾನ ತಿರುಗಲಾರದು, ತಿರುಗಿದರೆ ಆಫ್ ಆಗುತ್ತದೆ. ಹಾಗಾಗಿ ವ್ಯತ್ಯಾಸವನ್ನು ಕ್ಲಚ್ ಜಾರಿಸಿಯೇ ಸರಿದೂಗಿಸಬೇಕು. ಮ್ಯಾನುಯಲ್ ಗಾಡಿಯಲ್ಲಿ ನೀವು ಒಂದು ಕಿಲೋಮೀಟರ್ ಹಾಫ್ ಕ್ಲಚ್‌ನಲ್ಲಿ ಹೋದರೆ ಎಡಗಾಲು ನೋಯುತ್ತದೆ, ಸುಟ್ಟ ವಾಸನೆ ಬರುತ್ತದೆ, ನಿಮಗೇ ಪಾಪ ಅನ್ನಿಸುತ್ತದೆ. ಇಲ್ಲಿ ಅದೇ ಹಾಫ್ ಕ್ಲಚ್ ನಡೆಯುತ್ತಿರುತ್ತದೆ, ಹೇಳಲು ಕಾಲಿಗೆ ಪೆಡಲ್ ಇಲ್ಲ.

ಇಲ್ಲಿ ಒಣ ಕ್ಲಚ್, ಒದ್ದೆ ಕ್ಲಚ್ ಎಂಬ ಭೇದ ಮುಖ್ಯವಾಗುತ್ತದೆ. ಒದ್ದೆ ಕ್ಲಚ್ಚಿನ ಪ್ಲೇಟುಗಳು ಆಯಿಲ್‌ನಲ್ಲಿ ಇರುತ್ತವೆ, ಬಿಸಿಯನ್ನು ಆಯಿಲ್ ಹೊತ್ತೊಯ್ಯುತ್ತದೆ. ಎ ಕ್ಲಾಸಿನದು ಒದ್ದೆ. ಜೆಟ್ಟಾದ ಆರು ಗೇರಿನ ಡಿಎಸ್‌ಜಿಯೂ ಒದ್ದೆ. ವೆಂಟೊ, ಅಮಿಯೊಗಳ ಏಳು ಗೇರಿನ ಡಿಕ್ಯೂ200 ಒಣ ಜಾತಿಯದು. ಅಲ್ಲಿ ಬಿಸಿ ಆರಬೇಕಾದದ್ದು ಗಾಳಿಯಿಂದ, ನಿಂತ ಟ್ರಾಫಿಕ್ಕಿನಲ್ಲಿ ಗಾಳಿಯೆಲ್ಲಿ? ಒಣ ಕ್ಲಚ್ ಹಗುರ, ಆಯಿಲ್ ಪಂಪಿಗೆ ಖರ್ಚಾಗುವ ಶಕ್ತಿ ಉಳಿಯುತ್ತದೆ, ಮೈಲೇಜಿಗೆ ಒಳ್ಳೆಯದು. ಯುರೋಪಿನ ರಸ್ತೆಗೆ ಆ ಲೆಕ್ಕ ಸರಿಯಿತ್ತು.

ಒದ್ದೆಯಾಗಲಿ ಒಣವಾಗಲಿ, ಓಡಿಸುವ ಮರ್ಯಾದೆ ಒಂದೇ. ಮುಂದಿನ ಗಾಡಿ ಎರಡಡಿ ಸರಿದರೆ ನೀವೂ ಎರಡಡಿ ಸರಿಯಬೇಡಿ. ಒಂದು ಕಾರಿನಷ್ಟು ಜಾಗವಾಗಲಿ, ಆಮೇಲೆ ಬ್ರೇಕ್ ಪೂರ್ತಿ ಬಿಟ್ಟು ಹೋಗಿ ಪೂರ್ತಿ ನಿಲ್ಲಿಸಿ. ಬ್ರೇಕಿನ ಮೇಲೆ ಅರೆಮನಸ್ಸಿನಲ್ಲಿ ಕಾಲಿಟ್ಟು ತೆವಳಿಸುವುದು ಕ್ಲಚ್ಚಿಗೆ ವಿಷ. ಆ ಒಂದು ಕಾರಿನ ಜಾಗದಲ್ಲಿ ಮೂರು ಬೈಕು, ಒಂದು ಆಟೋ ಬಂದು ನಿಲ್ಲುತ್ತವೆ ಎನ್ನುವುದು ನನಗೂ ಗೊತ್ತು. ನಿಲ್ಲಲಿ. ಫ್ಲೈಓವರ್ ಏರಿನಲ್ಲಿ ಸಿಕ್ಕಿಬಿದ್ದಾಗ ಆಕ್ಸಲರೇಟರ್ ಸ್ವಲ್ಪ ಒತ್ತಿ ಗಾಡಿಯನ್ನು ಅಲ್ಲೇ ತೂಗಿ ನಿಲ್ಲಿಸುವ ಚಾಳಿ ಹಲವರಿಗಿದೆ, ಅದನ್ನಂತೂ ಬಿಟ್ಟೇಬಿಡಬೇಕು. ನಿಂತ ಮೇಲೆ ಎ ಕ್ಲಾಸಿನ ಬ್ರೇಕನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿದರೆ ಹೋಲ್ಡ್ ಬೀಳುತ್ತದೆ, ಕಾಲಿಗೂ ಬಿಡುವು, ಕ್ಲಚ್ಚಿಗೂ ಬಿಡುವು.

"ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡದಿದ್ದರೆ ಕ್ಲಚ್ ಸವೆಯುತ್ತದೆ"

ಇಲ್ಲ. ಬ್ರೇಕ್ ಗಟ್ಟಿಯಾಗಿ ಒತ್ತಿ ನಿಂತಿದ್ದರೆ ಡಿಯಲ್ಲೇ ಕ್ಲಚ್ ಬಿಟ್ಟುಕೊಂಡಿರುತ್ತದೆ. ಮೊದಲನೇ ಗೇರ್ ಕಚ್ಚಿಕೊಂಡು ಕಾದಿರುತ್ತದೆ ಅಷ್ಟೇ. ಐದು ನಿಮಿಷದ ರೈಲ್ವೆ ಗೇಟಾದರೆ ಪಾರ್ಕ್ ಹಾಕಿ ಎಂಜಿನ್ ಆಫ್ ಮಾಡಿ. ತೊಂಬತ್ತು ಸೆಕೆಂಡಿನ ಸಿಗ್ನಲ್ಲಿಗೆ ಕೈ ಆಡಿಸುತ್ತಾ ಕೂರುವುದರಿಂದ ಲಾಭವಿಲ್ಲ.

"ಘಾಟಿಯಲ್ಲಿ ಆಟೋಮ್ಯಾಟಿಕ್ ನಂಬಬಾರದು, ಎಂಜಿನ್ ಬ್ರೇಕಿಂಗ್ ಇರುವುದಿಲ್ಲ"

ಸಿವಿಟಿ ಗಾಡಿಯಲ್ಲೋ ಹಳೆಯ ನಾಲ್ಕು ಗೇರಿನ ಆಟೋಮ್ಯಾಟಿಕ್ಕಿನಲ್ಲೋ ಘಾಟಿ ಇಳಿದು ಹೆದರಿದವರ ಮಾತಿದು. ಡ್ಯುಯಲ್ ಕ್ಲಚ್‌ನಲ್ಲಿ ಗೇರ್ ಬಿದ್ದ ಮೇಲೆ ಎಂಜಿನ್ನಿಗೂ ಚಕ್ರಕ್ಕೂ ಕಬ್ಬಿಣದ ಸಂಬಂಧ, ಥೇಟ್ ಮ್ಯಾನುಯಲ್‌ನಂತೆ.

ಆದರೆ ಕೇಳದೆ ಕೊಡುವುದಿಲ್ಲ. ಕೊಟ್ಟಿಗೆಹಾರ ದಾಟಿ, ಮಲಯ ಮಾರುತ ಅತಿಥಿಗೃಹದ ಆಚೆ ಚಾರ್ಮಾಡಿಯ ಇಳಿಜಾರು ಶುರುವಾಗುತ್ತದೆ. ಇ ಮೋಡಿನಲ್ಲಿ ಕಾಲು ಎತ್ತಿದ ಕೂಡಲೇ ಗೇರ್‌ಬಾಕ್ಸ್ ಡೀಸೆಲ್ ಉಳಿಸುವ ಹುಮ್ಮಸ್ಸಿನಲ್ಲಿ ನಾಲ್ಕಕ್ಕೋ ಐದಕ್ಕೋ ಏರಿಬಿಡುತ್ತದೆ, ಗಾಡಿ ಓಡತೊಡಗುತ್ತದೆ. ಎಂ (ಮ್ಯಾನುಯಲ್) ಮೋಡಿಗೆ ಹಾಕಿ ಎಡ ಪ್ಯಾಡಲ್ ಎಳೆಯಬೇಕು. ಮೂರಕ್ಕೆ ಬಂದಾಗ ಮೂಗು ಕೊಂಚ ತಗ್ಗುತ್ತದೆ. ಹೇರ್‌ಪಿನ್ ಮುಂಚೆ ಎರಡಕ್ಕೆ ಇಳಿಸಿದರೆ ಎಂಜಿನ್ ಗುರ್ರೆಂದು ಮೂರು ಸಾವಿರಕ್ಕೆ ಏರಿ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಇಳಿಸುವಾಗ ಎಂಜಿನ್ ವೇಗವನ್ನು ತಾನೇ ಹೊಂದಿಸಿಕೊಳ್ಳುವುದರಿಂದ ಹಿಂದೆ ಕೂತವರಿಗೆ ಜರ್ಕ್ ಇಲ್ಲ, ವಾಂತಿಯ ಭಯವೂ ಕಡಿಮೆ. ಡೀಸೆಲ್ ಎಂಜಿನ್ನಿನ ತಡೆ ಪೆಟ್ರೋಲಿನಷ್ಟು ಬಿಗಿಯಲ್ಲ ಎಂಬುದನ್ನೂ ನೆನಪಿಡಬೇಕು: ಪೆಟ್ರೋಲಿನಲ್ಲಿ ಥ್ರಾಟಲ್ ಮುಚ್ಚಿದಾಗ ಎಂಜಿನ್ ಗಾಳಿಗಾಗಿ ಹೆಣಗುತ್ತದೆ, ಆ ಹೆಣಗಾಟವೇ ಬ್ರೇಕು. ಡೀಸೆಲ್‌ನಲ್ಲಿ ಗಾಳಿಗೆ ಅಂಥ ಬಾಗಿಲಿಲ್ಲ. ಹಾಗಾಗಿ ಇನ್ನೊಂದು ಗೇರ್ ಕೆಳಗೇ ಇಳಿಯಿರಿ.

ನ್ಯೂಟ್ರಲ್ ಮಾಡಿ ಇಳಿದರೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆಯೂ ಇಲ್ಲಿಗೇ ಸೇರಿದ್ದು. ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟಾಗ ಇಂಜೆಕ್ಟರ್ ಡೀಸೆಲ್ ಕೊಡುವುದನ್ನೇ ನಿಲ್ಲಿಸುತ್ತದೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ. ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗಿಗೆ ಡೀಸೆಲ್ ಬೇಕೇ ಬೇಕು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಅಣ್ಣಪ್ಪ ಸ್ವಾಮಿಯ ಗುಡಿಯ ಹತ್ತಿರ ನಿಂತ ಗಾಡಿಗಳ ಚಕ್ರದಿಂದ ಬರುವ ಸುಟ್ಟ ವಾಸನೆ ಯಾರು ಹೇಗೆ ಇಳಿದರು ಎಂಬುದನ್ನು ಹೇಳುತ್ತದೆ.

ಏರುವಾಗ ಕಥೆ ಬೇರೆ. ಟಾರ್ಕ್ ಚೆನ್ನಾಗಿರುವುದರಿಂದ ಎರಡು, ಮೂರರಲ್ಲಿ ಸಲೀಸಾಗಿ ಏರುತ್ತದೆ. ಕಷ್ಟವಿರುವುದು ತೀರಾ ಬಿಗಿಯಾದ ಎಡ ತಿರುವಿನಲ್ಲಿ, ಎದುರು ಬಸ್ಸು ಬಂದು ನೀವು ನಡಿಗೆಯ ವೇಗಕ್ಕೆ ಇಳಿದಾಗ. ಎರಡರಲ್ಲಿರಲೋ ಒಂದಕ್ಕೆ ಹೋಗಲೋ ಎಂದು ಗೇರ್‌ಬಾಕ್ಸ್ ಅನುಮಾನಿಸುತ್ತದೆ. ಒಂದನ್ನು ನೀವೇ ಆರಿಸಿಕೊಡಿ.

"ಆಟೋಮ್ಯಾಟಿಕ್ ಮೈಲೇಜ್ ಕೊಡುವುದಿಲ್ಲ"

ಹಳೆಯ ಟಾರ್ಕ್ ಕನ್ವರ್ಟರಿಗೆ ಸಂದ ಆರೋಪ, ಆಗ ಸತ್ಯವೂ ಆಗಿತ್ತು. ಡ್ಯುಯಲ್ ಕ್ಲಚ್‌ನಲ್ಲಿ ಓಡುವಾಗ ಜಾರಾಟವಿಲ್ಲ, ಗೇರ್ ಒಂದು ಹೆಚ್ಚಿಗೆ ಇರುತ್ತದೆ. ನೂರರ ವೇಗದಲ್ಲಿ ಏಳನೇ ಗೇರಿಗೆ ಬಂದ ಎಂಜಿನ್ ಎರಡು ಸಾವಿರದ ಕೆಳಗೆ ಗುನುಗುತ್ತಿರುತ್ತದೆ. ಅಷ್ಟು ಬೇಗ ಕೊನೆಯ ಗೇರಿಗೆ ಹಾಕುವ ಶಿಸ್ತು ನಮ್ಮಲ್ಲಿ ಎಷ್ಟು ಡ್ರೈವರುಗಳಿಗಿದೆ? ಹೆದ್ದಾರಿಯಲ್ಲಿ ಮ್ಯಾನುಯಲ್ಲಿಗೆ ಸರಿಸಮ. ನಗರದಲ್ಲಿ ಮಾತ್ರ ಆ ತೆವಳಾಟದ ಬೆಲೆ ತೆರಲೇಬೇಕು.

ಸಣ್ಣಪುಟ್ಟವು

ಎರಡು ಪೆಡಲ್ ಇದೆಯೆಂದು ಎರಡು ಕಾಲು ಬಳಸುವವರಿದ್ದಾರೆ. ಬ್ರೇಕನ್ನೂ ಆಕ್ಸಲರೇಟರನ್ನೂ ಬಲಗಾಲೇ ನೋಡಿಕೊಳ್ಳಬೇಕು. ಎಡಗಾಲು ಬ್ರೇಕನ್ನು ಕ್ಲಚ್ ಎಂದೇ ಭಾವಿಸಿ ತುಳಿದರೆ ಹಿಂದಿನವನು ನಿಮ್ಮ ಡಿಕ್ಕಿಯೊಳಗೆ ಇರುತ್ತಾನೆ. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿ ಸ್ಟಾರ್ಟ್ ಮಾಡುವ ಆಟ ಇದರಲ್ಲಿ ನಡೆಯದು. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸುವ ಬದಲು ಫ್ಲಾಟ್‌ಬೆಡ್ ಕರೆಸಿ.

ಎ ಕ್ಲಾಸಿನಲ್ಲಿ ಗೇರ್ ಲಿವರ್ ಇರುವುದು ಸ್ಟೀರಿಂಗಿನ ಬಲಬದಿ, ಕಡ್ಡಿಯಂತೆ. ಮಾರುತಿ, ಹ್ಯುಂಡೈಗಳಲ್ಲಿ ಅಲ್ಲೇ ಇಂಡಿಕೇಟರ್ ಇರುತ್ತದೆ. ಹೊಸದಾಗಿ ಓಡಿಸುವವರು ಎಡಕ್ಕೆ ತಿರುಗುವ ಮುನ್ನ ಅಭ್ಯಾಸಬಲದಿಂದ ಅದನ್ನು ಮೇಲೆ ತಳ್ಳುತ್ತಾರೆ, ಗಾಡಿ ನ್ಯೂಟ್ರಲ್ಲಿಗೆ ಹೋಗಿ ಎಂಜಿನ್ ಬರೀ ಕೂಗುತ್ತದೆ. ಗೇರ್‌ಬಾಕ್ಸ್ ಕೈಕೊಟ್ಟಿತು ಎಂದು ಗಾಬರಿಯಾಗುವುದು ಬೇಡ. ಕೆಳಗೆ ತಳ್ಳಿದರೆ ಡಿ ಬಂದೀತು.

"ಡಿಸಿಟಿ ಎಂದರೆ ಕೆಡುವುದೇ"

ಡಿಸಿಟಿ ಎಂದರೆ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸೇ. ಈ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. 2013ರ ಮಾರ್ಚ್‌ನಲ್ಲಿ ಚೀನಾದ ಸರ್ಕಾರಿ ಟಿವಿಯ ಗ್ರಾಹಕರ ದಿನದ ಕಾರ್ಯಕ್ರಮ ಡಿಎಸ್‌ಜಿ ಗಾಡಿಗಳ ತೊಂದರೆಯನ್ನು ಬಯಲಿಗೆಳೆಯಿತು. ಬೆನ್ನಿಗೇ ಫೋಕ್ಸ್‌ವ್ಯಾಗನ್ ಅಲ್ಲಿ 3,84,181 ಕಾರುಗಳನ್ನು ವಾಪಸು ಕರೆಯಿತು. ಅದೇ ವರ್ಷ ನವೆಂಬರ್‌ನಲ್ಲಿ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಗಾಡಿಗಳ ಗೇರ್‌ಬಾಕ್ಸ್ ಆಯಿಲನ್ನು ಬದಲಿಸಿಕೊಡಲು ಮುಂದಾಯಿತು. ಸಿಂಥೆಟಿಕ್ ಆಯಿಲ್ ಇದ್ದ ಗೇರ್‌ಬಾಕ್ಸಿನಲ್ಲಿ ಸೆಕೆ, ತೇವ, ಹೆಜ್ಜೆಹೆಜ್ಜೆಗೂ ನಿಂತು ಹೊರಡುವ ಓಡಾಟ ಕೂಡಿದಾಗ ಎಲೆಕ್ಟ್ರಾನಿಕ್ಸ್ ಭಾಗದಲ್ಲಿ ಶಾರ್ಟ್ ಆಗುವ ಸಂಭವವಿತ್ತು. ಅದಕ್ಕೆ ಮಿನರಲ್ ಆಯಿಲ್ ತುಂಬಿದರು. ಅಮೆರಿಕದಲ್ಲಿ ಫೋರ್ಡ್ ತನ್ನ ಪವರ್‌ಶಿಫ್ಟ್ ಗೇರ್‌ಬಾಕ್ಸಿಗಾಗಿ ಫಿಯೆಸ್ಟಾ, ಫೋಕಸ್ ಕೊಂಡವರ ಮೊಕದ್ದಮೆ ಎದುರಿಸಿ ರಾಜಿ ಮಾಡಿಕೊಳ್ಳಬೇಕಾಯಿತು. ಗಮನಿಸಿ: ಎರಡೂ ಒಣ ಕ್ಲಚ್‌ಗಳು.

ನಮ್ಮ ವೆಂಟೊ ಡೀಸೆಲ್ಲಿನ ಸಂಗತಿ ಇನ್ನೂ ಕುತೂಹಲದ್ದು. ಡಿಕ್ಯೂ200 ತಡೆದುಕೊಳ್ಳುವ ಟಾರ್ಕಿನ ಮಿತಿ 250 ಎನ್‌ಎಂ, ವೆಂಟೊದ 1.5 ಲೀಟರ್ ಡೀಸೆಲ್ ಎಂಜಿನ್ ಕೊಡುತ್ತಿದ್ದದ್ದೂ 250 ಎನ್‌ಎಂ. ಗಡಿಗೆ ಅಂಟಿಕೊಂಡೇ ಕೆಲಸ. ಅದೇ 250 ಎನ್‌ಎಂ ಇರುವ ಎ ಕ್ಲಾಸಿನ ಗೇರ್‌ಬಾಕ್ಸ್ 350 ಎನ್‌ಎಂವರೆಗೆ ತಾಳುವಂಥದ್ದು, ಅದೂ ಒದ್ದೆ ಕ್ಲಚ್. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು "ಡಿಸಿಟಿ" ಎಂದು ತೂಗುವುದು ನ್ಯಾಯವಲ್ಲ. ಟಾಟಾದವರು 2022ರಲ್ಲಿ ಆಲ್ಟ್ರೋಜ್‌ಗೆ ಡ್ಯುಯಲ್ ಕ್ಲಚ್ ತಂದಾಗ ಒದ್ದೆ ಕ್ಲಚ್ ಎಂಬುದನ್ನೇ ಎತ್ತಿ ಹೇಳಿದ್ದು ಸುಮ್ಮನಲ್ಲ.

"ಗೇರ್‌ಬಾಕ್ಸ್ ಸೋತದ್ದರಿಂದಲೇ ಇಂಥ ಗಾಡಿ ಬರುವುದು ನಿಂತಿತು"

ಸೋತದ್ದು ಗೇರ್‌ಬಾಕ್ಸ್ ಅಲ್ಲ, ಸಣ್ಣ ಡೀಸೆಲ್. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದಾಗ ಡೀಸೆಲ್ ಹೊಗೆ ಶುದ್ಧಮಾಡುವ ಸಲಕರಣೆಯ ಖರ್ಚು ಸಣ್ಣ ಗಾಡಿಗಳ ಬೆಲೆಗೆ ಹೊಂದಲಿಲ್ಲ. ಮಾರುತಿ ಡೀಸೆಲ್ ಕೈಬಿಟ್ಟಿತು, ಫೋಕ್ಸ್‌ವ್ಯಾಗನ್, ಸ್ಕೋಡಾಗಳೂ ಬಿಟ್ಟವು. ಡ್ಯುಯಲ್ ಕ್ಲಚ್ ಪೆಟ್ರೋಲ್ ಗಾಡಿಗಳಿಗೆ ವಲಸೆ ಹೋಗಿ ಚೆನ್ನಾಗಿಯೇ ಇದೆ: ಐ20 ಎನ್ ಲೈನ್, ವರ್ಟಸ್, ಟೈಗುನ್. ಆಲ್ಟ್ರೋಜ್‌ನ 2025ರ ಹೊಸ ರೂಪದಲ್ಲೂ ಡೀಸೆಲ್ ಇದೆ, ಡ್ಯುಯಲ್ ಕ್ಲಚ್ಚೂ ಇದೆ. ಎರಡೂ ಒಂದೇ ಗಾಡಿಯಲ್ಲಿಲ್ಲ. ಡೀಸೆಲ್ ಬೇಕೆಂದರೆ ಮ್ಯಾನುಯಲ್ಲೇ. ಪೋಲೊ ಕೊಳ್ಳಹೊರಟವರ ಪಾಡು ಹಾಗೇ ಮುಂದುವರಿದಿದೆ.

"ಸೀಲ್ ಆಗಿರುವ ಗೇರ್‌ಬಾಕ್ಸ್, ಆಯಿಲ್ ಬದಲಿಸುವಂತಿಲ್ಲ"

ಒಣ ಕ್ಲಚ್ಚಿನದಕ್ಕೆ ಈ ಮಾತು ಸ್ವಲ್ಪಮಟ್ಟಿಗೆ ನಡೆದೀತು, ಅಲ್ಲಿ ಆಯಿಲ್ ನೋಡಿಕೊಳ್ಳುವುದು ಗೇರುಗಳನ್ನು ಮಾತ್ರ. ಒದ್ದೆ ಕ್ಲಚ್ಚಿನಲ್ಲಿ ಪ್ಲೇಟುಗಳ ಸವೆತವೆಲ್ಲ ಅದೇ ಆಯಿಲ್‌ಗೆ ಸೇರುತ್ತದೆ. ಆರು ಗೇರಿನ ಡಿಎಸ್‌ಜಿಗೆ ಪ್ರತಿ 60,000 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಎರಡೂ ಬದಲಾಗಬೇಕು. ಬೇರೆ ಗಾಡಿಯಾದರೆ ಅದರ ಪುಸ್ತಕದಲ್ಲಿರುವ ಲೆಕ್ಕ. ಆಯಿಲ್ ಹಾಕುವ ಮಟ್ಟವನ್ನು ನಿಗದಿತ ಬಿಸಿಯಲ್ಲೇ ನೋಡಬೇಕು, ಹಾಗಾಗಿ ಯಾವ ಗ್ಯಾರೇಜಾದರೂ ಸರಿ ಎನ್ನುವಂತಿಲ್ಲ.

"ಡಿಎಲ್ ನಂಬರ್ ಗಾಡಿ ಅಗ್ಗ, ಕಡಿಮೆ ಓಡಿದೆ, ಕಣ್ಣುಮುಚ್ಚಿ ಕೊಳ್ಳಬಹುದು"

ದೆಹಲಿ ಸುತ್ತಮುತ್ತ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಗಳ ಮೇಲೆ ನಿರ್ಬಂಧ ಬಂದ ಮೇಲೆ ಅಲ್ಲಿಯ ಒಳ್ಳೊಳ್ಳೆಯ ಡೀಸೆಲ್ ಆಟೋಮ್ಯಾಟಿಕ್‌ಗಳು ದಕ್ಷಿಣಕ್ಕೆ ಇಳಿದುಬರುತ್ತಿವೆ. ಬೆಲೆ ಕೇಳಿದರೆ ಆಸೆಯಾಗುತ್ತದೆ. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ ತರಬೇಕು, ಇಲ್ಲಿ ಗಾಡಿಯ ವಯಸ್ಸಿನ ಲೆಕ್ಕದಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು; ಅದನ್ನು ಸೇರಿಸಿ ಕೂಡಿದರೆ ಆಸೆ ಅರ್ಧ ಇಳಿಯುತ್ತದೆ. ಇನ್ನು ಕಿಲೋಮೀಟರ್. ಡ್ಯುಯಲ್ ಕ್ಲಚ್ ಗಾಡಿಗೆ ಮೀಟರಿನ ಅಂಕಿ ಅರ್ಧ ಸತ್ಯ. ಹೆದ್ದಾರಿಯಲ್ಲಿ ಲಕ್ಷ ಓಡಿದ ಕ್ಲಚ್ಚು ನಗರದ ಜಾಮಿನಲ್ಲಿ ನಲವತ್ತು ಸಾವಿರ ಓಡಿದ್ದಕ್ಕಿಂತ ಗಟ್ಟಿಯಾಗಿರಬಹುದು.

ಹಾಗಾಗಿ ನೋಡಲು ಹೋದಾಗ ಹೆದ್ದಾರಿಗೆ ಒಯ್ದು ನೂರಿಪ್ಪತ್ತು ಮುಟ್ಟಿಸಿ ಖುಷಿಪಡಬೇಡಿ. ಅಲ್ಲಿ ಎಂಥ ಡಿಸಿಟಿಯೂ ಚೆನ್ನಾಗಿ ಓಡುತ್ತದೆ. ಮೊದಲು ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಆಮೇಲೆ ಅರ್ಧ ಗಂಟೆ ಟ್ರಾಫಿಕ್ಕಿನಲ್ಲಿ ಸುತ್ತಿಸಿ ಬಿಸಿ ಮಾಡಿ, ಎರಡರಿಂದ ಒಂದಕ್ಕೆ ಬರುವಾಗ ನಡುಕವೋ ಟಕ್ ಸದ್ದೋ ಇದೆಯೇ ನೋಡಿ. ಕೊನೆಗೆ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿಸಿ, ಅದೇ ರ‍್ಯಾಂಪ್ ಮೇಲೆ ರಿವರ್ಸ್‌ನಲ್ಲಿ ನಿಧಾನವಾಗಿ ಹತ್ತಿಸಿ. ಕ್ಲಚ್ಚಿಗೆ ಅದಕ್ಕಿಂತ ಕಷ್ಟದ ಕೆಲಸವಿಲ್ಲ. ನಡುಗದೆ, ಸುಟ್ಟ ವಾಸನೆ ಬರದೆ ಮೇಲೆ ಬಂತೆಂದರೆ ಬೆಲೆಯ ಮಾತಿಗೆ ಕೂರಬಹುದು. ನಡುಗಿತೋ, ಕ್ಲಚ್ ಸೆಟ್ಟಿನ ಬೆಲೆ ವಿಚಾರಿಸಿಕೊಂಡು ಬಂದು ಅಷ್ಟನ್ನೂ ಕಳೆದು ಕೇಳಿ.